ತಣ್ಣೀರಿನ ಕೊಳ ಮತ್ತು ನಡುಗುವ ಮಕ್ಕಳು

ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಬೆಂಗಳೂರಿನಲ್ಲಿ ಮಕ್ಕಳ ಈಜು ತರಬೇತಿಯ ಕಾಲ ಶುರುವಾಗುತ್ತದೆ. ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳವಿರಲಿ, ಬಡಾವಣೆಗಳ ಸಣ್ಣಪುಟ್ಟ ಕೊಳಗಳಿರಲಿ, ಹೆಚ್ಚಿನವು ಬಯಲಿನಲ್ಲೇ ಇವೆ. ಮೊದಲ ಬ್ಯಾಚು ಬೆಳಗ್ಗೆ ಆರಕ್ಕೋ ಆರೂವರೆಗೋ. ಅದಾದ ಮೂರು ನಾಲ್ಕು ದಿನಗಳಲ್ಲಿ ನನ್ನ ಚಿಕಿತ್ಸಾಲಯಕ್ಕೆ ತಾಯಂದಿರು ಬರತೊಡಗುತ್ತಾರೆ.

ಕಳೆದ ವರ್ಷ ಬಂದ ಒಬ್ಬ ತಾಯಿಯ ಮಾತು ಹೀಗಿತ್ತು: "ಡಾಕ್ಟ್ರೇ, ಮೊದಲ ದಿನ ಕುಣಿಯುತ್ತಾ ಹೋದ. ಎರಡನೇ ದಿನ ಹೊಟ್ಟೆನೋವು ಅಂದ. ಇವತ್ತು ಆಟೋದಿಂದ ಇಳಿಯಲೇ ಇಲ್ಲ. ಕೋಚ್ ಅವರು, ನಾಲ್ಕು ದಿನ ಎಳೆದು ಹಾಕಿ, ಅಭ್ಯಾಸ ಆಗುತ್ತೆ ಅಂತಾರೆ." ಎಂಟು ವರ್ಷದ ಆ ಹುಡುಗ ತೆಳ್ಳಗೆ, ಪಕ್ಕೆಲುಬು ಎಣಿಸುವ ಹಾಗಿದ್ದ. ಹೊಟ್ಟೆಯಲ್ಲಿ ಏನೂ ತೊಂದರೆ ಇರಲಿಲ್ಲ. ನೀರಿಗೆ ಇಳಿದರೆ ಏನಾಗುತ್ತದೆ ಎಂದು ಕೇಳಿದೆ. "ಉಸಿರು ಸಿಕ್ಕಲ್ಲ" ಎಂದ.

ಆ ಎರಡು ಪದಗಳಲ್ಲಿ ಅವನು ಹೇಳಿದ್ದು ಅಕ್ಷರಶಃ ನಿಜ. ಚರ್ಮಕ್ಕೆ ಇದ್ದಕ್ಕಿದ್ದಂತೆ ತಣ್ಣೀರು ತಾಗಿದಾಗ ದೇಹ ನಮ್ಮ ಅಪ್ಪಣೆ ಕೇಳದೆ ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತದೆ. ಆಮೇಲೆ ಉಸಿರು ಬಿರುಸಾಗಿ, ಗಿಡ್ಡವಾಗಿ ಓಡುತ್ತದೆ. ಎದೆಬಡಿತ ಏರುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಇದು ಅತಿ ಹೆಚ್ಚು. ಎರಡು ಮೂರು ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ನೀರು ತಣ್ಣಗಿದ್ದಷ್ಟೂ ಇದು ಜೋರು. ಈ ಹೊತ್ತಿನಲ್ಲಿ ಮುಖ ನೀರಿನೊಳಗಿದ್ದರೆ ಮಗು ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಆದ್ದರಿಂದ ಅಳುವ ಮಗುವನ್ನು ಎತ್ತಿ ನೀರಿಗೆ ಹಾಕುವುದು ಧೈರ್ಯ ಕಲಿಸುವ ದಾರಿಯಲ್ಲ. ಈಜು ಬಾರದ ಮಗುವಿಗೆ ಅದು ನೇರವಾಗಿ ಅಪಾಯ.

ಹಾಗಾದರೆ "ಅಭ್ಯಾಸ ಆಗುತ್ತೆ" ಎಂಬ ಕೋಚ್ ಅವರ ಮಾತು ಸುಳ್ಳೇ? ಅರ್ಧ ನಿಜ. ಉಸಿರು ಕಟ್ಟುವ ಈ ಪ್ರತಿಕ್ರಿಯೆಗೆ ದೇಹ ಒಗ್ಗಿಕೊಳ್ಳುತ್ತದೆ. ವಯಸ್ಕರ ಮೇಲೆ ನಡೆದ ಪ್ರಯೋಗಗಳಲ್ಲಿ, ಕೆಲವೇ ನಿಮಿಷಗಳಂತೆ ಐದಾರು ಬಾರಿ ತಣ್ಣೀರಿಗೆ ಇಳಿದವರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂದಿದೆ. ಇಲ್ಲಿ ಗಮನಿಸಬೇಕಾದದ್ದು "ಕೆಲವೇ ನಿಮಿಷ" ಎಂಬುದು. ಒಗ್ಗಿಕೊಳ್ಳಲು ಗಂಟೆಗಟ್ಟಲೆ ನಡುಗಬೇಕಾಗಿಲ್ಲ. ಆದರೆ ನೀರು ದೇಹದ ಶಾಖವನ್ನು ಹೀರುತ್ತದಲ್ಲ, ಆ ವಿಷಯದಲ್ಲಿ ನಾಲ್ಕು ದಿನದ ಅಭ್ಯಾಸ ಮಗುವನ್ನು ಕಾಪಾಡದು. ಐದನೇ ದಿನವೂ ಅದೇ ತೆಳ್ಳನೆಯ ಮೈ, ಅದೇ ನೀರು.

ಚಿಕ್ಕ ಲೋಟ, ದೊಡ್ಡ ದೇಗ್

"ಮಕ್ಕಳ ಮೈಯಲ್ಲಿ ಹರಾರತ್ ಜಾಸ್ತಿ ಅಲ್ಲವೇ, ಅವರಿಗೇಕೆ ಚಳಿ?" ಎಂದು ಕೆಲವು ಅಜ್ಜಿಯರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಯುನಾನಿ ಶಾಸ್ತ್ರದಲ್ಲಿ ಬಾಲ್ಯದ ಮಿಜಾಜ್ ಬಿಸಿ ಮತ್ತು ತೇವ. ಆದರೆ ಬಿಸಿ ಇರುವುದು ಬೇರೆ, ಅದನ್ನು ಹಿಡಿದಿಟ್ಟುಕೊಳ್ಳುವುದು ಬೇರೆ. ಮದುವೆಮನೆಯ ಒಂದು ದೇಗ್ ಬಿರಿಯಾನಿಯನ್ನೂ ಒಂದು ಲೋಟ ಚಹಾವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಹಾ ಕುದಿಯುತ್ತಿದ್ದರೂ ಮೊದಲು ತಣಿಯುವುದು ಅದೇ. ಮಗುವಿನ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು; ಚರ್ಮದಡಿಯ ಕೊಬ್ಬಿನ ಪದರವೂ ಸಾಮಾನ್ಯವಾಗಿ ತೆಳು. ಮೇಲಾಗಿ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. 24 ಡಿಗ್ರಿಯ ಗಾಳಿಯಲ್ಲಿ ನಾವು ಅಂಗಿ ತೊಟ್ಟು ಹಾಯಾಗಿರುತ್ತೇವೆ. 24 ಡಿಗ್ರಿಯ ನೀರಿನಲ್ಲಿ ಸುಮ್ಮನೆ ನಿಂತ ಮಗು ಸ್ವಲ್ಪ ಹೊತ್ತಿಗೇ ನಡುಗತೊಡಗುತ್ತದೆ.

ಮಂಗಳೂರು, ಉಡುಪಿಯ ಓದುಗರಿಗೆ ಇದೆಲ್ಲ ನಗು ತರಬಹುದು; ಅಲ್ಲಿ ಮಾರ್ಚ್ ತಿಂಗಳ ಮುಂಜಾನೆಯೂ ಸೆಕೆಯೇ. ಆದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ, ಇನ್ನೂ ಮೇಲಿನ ಚಿಕ್ಕಮಗಳೂರು, ಮಡಿಕೇರಿಗಳಲ್ಲಿ ಲೆಕ್ಕ ಬೇರೆ. ಮಧ್ಯಾಹ್ನ ಬಿಸಿಲು ಸುಟ್ಟರೂ ಬೆಳಗಿನ ಗಾಳಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳವೊಂದರಲ್ಲಿ 25 ಲಕ್ಷ ಲೀಟರ್ ನೀರಿರುತ್ತದೆ. ಚಳಿಗಾಲವಿಡೀ ತಣಿದ ಅಷ್ಟು ನೀರು ನಾಲ್ಕು ದಿನದ ಬಿಸಿಲಿಗೆ ಬೆಚ್ಚಗಾಗದು. ಸಾಲದ್ದಕ್ಕೆ ರಾತ್ರಿಯೆಲ್ಲ ಮೇಲ್ಮೈ ಆವಿಯಾಗಿ ಶಾಖ ಕಳೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಕೊಳ ಆ ದಿನದ ಮಟ್ಟಿಗೆ ಅತಿ ತಣ್ಣಗಿರುತ್ತದೆ, ನಾವು ಮಕ್ಕಳನ್ನು ಇಳಿಸುವುದೂ ಅದೇ ಹೊತ್ತಿಗೆ! ಅಂತಾರಾಷ್ಟ್ರೀಯ ಈಜು ಸ್ಪರ್ಧೆಗಳಿಗೆ ನಿಯಮವಿರುವುದು 25ರಿಂದ 28 ಡಿಗ್ರಿ. ಅದೂ ಬಿಡುವಿಲ್ಲದೆ ಈಜಿ ಮೈ ಕಾಯಿಸಿಕೊಳ್ಳುವ ಪಳಗಿದವರಿಗೆ. ಕಂಬಿ ಹಿಡಿದು ತನ್ನ ಸರದಿಗೆ ಕಾಯುವ ಆರು ವರ್ಷದ ಮಗುವಿಗೆ ಇನ್ನೂ ಬೆಚ್ಚನೆಯ ನೀರು ಬೇಕು.

ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ತಣ್ಣೀರಿನ ಸ್ನಾನವನ್ನು ಹೊಗಳಿದ್ದಾರೆ, ಜೊತೆಗೆ ಷರತ್ತುಗಳನ್ನೂ ಹಾಕಿದ್ದಾರೆ. ಅಜೀರ್ಣ, ಭೇದಿ, ನೆಗಡಿ, ನಿದ್ದೆಗೇಡು ಇರುವವರಿಗೆ ಬೇಡ. ಮಕ್ಕಳಿಗೂ ಮುದುಕರಿಗೂ ಬೇಡ. ಇಳಿದವರೂ ನಡುಕ ಹುಟ್ಟುವ ಮುಂಚೆ ಮೇಲೆ ಬರಬೇಕು. ಹಾಗೆಂದು ನಾನು ಮಕ್ಕಳಿಗೆ ಈಜು ಬೇಡ ಎನ್ನುವವಳಲ್ಲ. ಕೆರೆ, ಬಾವಿ, ಕಲ್ಲುಕ್ವಾರಿಗಳಲ್ಲಿ ಮುಳುಗಿದ ಮಕ್ಕಳ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಈಜು ಕಲಿಯಲೇಬೇಕು. ಕಲಿಸುವಾಗ ಆ ಹಿರಿಯರ ಕೊನೆಯ ಷರತ್ತನ್ನು ಮಾತ್ರ ಬಿಡಬಾರದು. ಬ್ಯಾಚಿನ ಗಂಟೆ ಬಾರಿಸುವವರೆಗೆ ಕಾಯಬೇಡಿ. ಮಗು ನಡುಗಿತೆಂದರೆ ಅವತ್ತಿನ ಪಾಠ ಮುಗಿಯಿತು.

ಇಳಿಯುವ ಮುಂಚೆ, ಇಳಿಯುವಾಗ

ಸಾಧ್ಯವಿದ್ದರೆ ಮೊದಲ ಎರಡು ಮೂರು ವಾರ ಬೆಳಗ್ಗೆ ಆರರ ಬದಲು ಒಂಬತ್ತರ ಬ್ಯಾಚು ಅಥವಾ ಸಂಜೆ ನಾಲ್ಕೂವರೆಯ ಬ್ಯಾಚು ಕೇಳಿ. ಇದೊಂದೇ ಬದಲಾವಣೆಗೆ ಅರ್ಧ ಸಮಸ್ಯೆ ಕರಗಿದ್ದನ್ನು ನಾನು ಕಂಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ನಡುಕವೆಂದರೆ ಸ್ನಾಯುಗಳು ಇಂಧನ ಸುಟ್ಟು ಶಾಖ ಮಾಡುವ ಕೆಲಸ. ಇಂಧನವಿಲ್ಲದೆ ಅದು ನಡೆಯದು. ಮುಕ್ಕಾಲು ಗಂಟೆ ಮುಂಚೆ ಒಂದು ಬಾಳೆಹಣ್ಣು, ಎರಡು ಖರ್ಜೂರ, ಅರ್ಧ ಲೋಟ ಬೆಚ್ಚನೆಯ ಹಾಲು ಸಾಕು. ಉಪವಾಸ ಹಿಡಿಯುವ ದೊಡ್ಡ ಮಕ್ಕಳಿದ್ದರೆ ರಮಝಾನ್ ಕಳೆದ ಮೇಲೆ ಸೇರಿಸಿ, ಅವಸರವೇನಿಲ್ಲ.

ಕೊಳದ ಬದಿಯಲ್ಲಿ ಐದು ನಿಮಿಷ ಕೈಕಾಲು ಬೀಸಿ, ನಿಂತಲ್ಲೇ ಕುಪ್ಪಳಿಸಿ ಮೈ ಬೆಚ್ಚಗಾಗಲಿ. ಟವೆಲ್ ಹೊದ್ದುಕೊಂಡೇ ಮಾಡಲಿ. ಆಮೇಲೆ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು, ಕೈ, ಮುಖ, ಕತ್ತು, ಎದೆಗೆ ತಾನೇ ನೀರು ಹಾಕಿಕೊಳ್ಳಲಿ. 'ತಾನೇ' ಎಂಬುದು ಮುಖ್ಯ. ಬೇರೆಯವರು ಎರಚಿದರೆ ಬೆದರುವ ಮಗು ತಾನೇ ಹಾಕಿಕೊಂಡರೆ ನಗುತ್ತದೆ. ಏಣಿ ಹಿಡಿದು ಸೊಂಟದವರೆಗೆ ಇಳಿದು ನಿಂತು ಬಾಯಿಂದ ಉದ್ದಕ್ಕೆ ಉಸಿರು ಬಿಡಬೇಕು, ಹಾಡು ಗುನುಗಿದರೂ ಆದೀತು. ಉಸಿರು ಬಿಡುತ್ತಿರುವವರಿಗೆ ಏದುಸಿರು ಎಳೆದುಕೊಳ್ಳುವುದು ಕಷ್ಟ. ಮಾತನಾಡುವಷ್ಟು ಉಸಿರು ಸಮವಾದ ಮೇಲೆಯೇ ಮುಖ ಮುಳುಗಿಸುವುದು. ಇದಕ್ಕೆಲ್ಲ ಹಿಡಿಯುವುದು ಮೂರು ನಾಲ್ಕು ನಿಮಿಷ. ಮೊದಲ ದಿನಗಳಲ್ಲಿ ನೀರಿನಲ್ಲಿ ಹತ್ತು ಹದಿನೈದು ನಿಮಿಷವಷ್ಟೇ ಇರಲಿ. ಸರದಿಗೆ ಕಾಯುವ ಹೊತ್ತನ್ನು ಎದೆಮಟ್ಟದ ನೀರಿನಲ್ಲಿ ನಿಂತು ಕಳೆಯುವುದಕ್ಕಿಂತ ಹೊರಗೆ ಟವೆಲ್ ಹೊದ್ದು ಕೂರುವುದು ಮೇಲು.

ಎಣ್ಣೆಯ ಬಗ್ಗೆ ಒಂದು ಮಾತು. ಯುನಾನಿಯವಳಾದ ನನ್ನಿಂದ ಎಣ್ಣೆಯ ಪರ ಮಾತು ನಿರೀಕ್ಷಿಸಿ ಬರುವವರೇ ಹೆಚ್ಚು. ಕೊಳಕ್ಕೆ ಇಳಿಯುವ ಮುಂಚೆ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಮೈಗೆಲ್ಲ ಬಳಿಯಬೇಡಿ. ಆ ತೆಳು ಪದರ ಚಳಿಯನ್ನು ತಡೆಯುವುದಿಲ್ಲ. ಮೈ ಜಾರುತ್ತದೆ, ಕೋಚ್ ಹಿಡಿದ ಕೈ ಜಾರುತ್ತದೆ, ಕೊಳದ ನೀರೂ ಕೆಡುತ್ತದೆ. ಮಾಲೀಶು ಸಂಜೆಗೆ ಇರಲಿ.

ಹೆಣ್ಣುಮಕ್ಕಳ ಉಡುಪಿನ ವಿಷಯವನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ನಮ್ಮ ಮನೆಗಳ ಅನೇಕ ಹುಡುಗಿಯರು ಪೂರ್ತಿ ತೋಳು, ಪೂರ್ತಿ ಕಾಲಿನ ಈಜುಡುಪು ತೊಡುತ್ತಾರೆ. ನೀರಿನೊಳಗೆ ಅದರಿಂದ ಸ್ವಲ್ಪ ಅನುಕೂಲವೇ, ಮೈಗಂಟಿ ಇದ್ದರೆ. ಸಮಸ್ಯೆ ಹೊರಗೆ ಬಂದ ಮೇಲೆ. ಒದ್ದೆ ಬಟ್ಟೆಗೆ ಗಾಳಿ ತಾಗಿದರೆ ಮಣ್ಣಿನ ಹೂಜಿ ತಣಿಯುವಂತೆ ಮೈ ತಣಿಯುತ್ತದೆ. ಅದರಲ್ಲೂ ಒಳಗೆ ಹತ್ತಿಯ ಲೆಗ್ಗಿಂಗ್ಸ್, ಟೀ ಶರ್ಟ್ ಹಾಕಿ ಕಳಿಸಿದರೆ ಅದು ಲೀಟರುಗಟ್ಟಲೆ ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ. ನೈಲಾನ್ ಅಥವಾ ಪಾಲಿಯೆಸ್ಟರಿನ ಈಜುಬಟ್ಟೆಯದೇ ಕೊಡಿಸಿ. ಮಗಳು ಮೇಲೆ ಬಂದ ತಕ್ಷಣ ಬಟ್ಟೆ ಬದಲಿಸಲು ಜಾಗ ಇದೆಯೇ ಎಂದು ಹಣ ಕಟ್ಟುವ ಮುಂಚೆ ನೋಡಿ. ಮರೆಯಿಲ್ಲವೆಂದು ಹುಡುಗಿಯರು ಒದ್ದೆ ಉಡುಪಿನ ಮೇಲೇ ಬುರ್ಖಾ ಹಾಕಿಕೊಂಡು ಸ್ಕೂಟರಿನ ಹಿಂದೆ ಕೂತು ಮನೆಗೆ ಹೋಗುವುದನ್ನು ನೋಡಿದ್ದೇನೆ. ಆ ಹತ್ತು ನಿಮಿಷದ ಗಾಳಿಯಲ್ಲಿ ಕೊಳಕ್ಕಿಂತ ಹೆಚ್ಚು ಚಳಿ.

ಮೇಲೆ ಬಂದ ಮೇಲೆ

ನೀರಿನಿಂದ ಬಂದೊಡನೆ ದೇಹ ಬಿಸಿಯಾಗತೊಡಗುವುದಿಲ್ಲ. ತಣಿದ ಕೈಕಾಲುಗಳಿಗೆ ಒಳಗಿನ ಶಾಖ ಹರಿಯುತ್ತ, ಕೆಲವು ನಿಮಿಷಗಳ ಕಾಲ ಒಳಮೈಯ ಉಷ್ಣಾಂಶ ಇನ್ನೂ ಇಳಿಯಬಹುದು. ಎಷ್ಟೋ ಮಕ್ಕಳು ಕೊಳದಲ್ಲಿ ಸುಮ್ಮನಿದ್ದು ಬಟ್ಟೆ ಹಾಕುವಾಗ ಗಡಗಡ ನಡುಗುವುದು ಇದಕ್ಕೇ. ಮೊದಲು ಒದ್ದೆ ಉಡುಪು ತೆಗೆದು, ಒತ್ತಿ ಒರೆಸಿ, ತಲೆ ಒಣಗಿಸಿ, ಬನಿಯನ್ನು, ಅಂಗಿ, ಸ್ವೆಟರು, ಟೋಪಿ, ಕಾಲುಚೀಲ. ಏಪ್ರಿಲ್‌ನಲ್ಲಿ ಸ್ವೆಟರೇ ಎಂದು ನಾಚಬೇಡಿ. ಫ್ಲಾಸ್ಕಿನಲ್ಲಿ ಬೆಚ್ಚನೆಯ ಬೆಲ್ಲದ ಹಾಲೋ, ತುಸು ಶುಂಠಿ ಹಾಕಿದ ಜೇನುನೀರೋ ಇರಲಿ. ಅದರ ಸಕ್ಕರೆ ನಡುಕಕ್ಕೆ ಇಂಧನ.

ಸುಮ್ಮನೆ ಚಳಿಯಾಗಿರುವ ಮಗು ಬೆಚ್ಚಗಿನ ನೀರಿನಲ್ಲಿ ಮೈ ತೊಳೆಯಬಹುದು. ಆದರೆ ತೀರಾ ತಣಿದ ಮಗುವಿನ ಮೇಲೆ ಬಿಸಿನೀರು ಸುರಿಯಬಾರದು, ಕೈಕಾಲು ತಿಕ್ಕಲೂಬಾರದು. ತೀರಾ ತಣಿದಿದೆ ಎಂದು ತಿಳಿಯುವುದು ಹೇಗೆ? ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು ಹೇಳಿ. ಆಗದಿದ್ದರೆ ಕೈಯ ಸ್ನಾಯುಗಳು ಸೋತಿವೆ. ತುಟಿ ನೀಲಿಯಾದದ್ದು ಎಚ್ಚರಿಕೆ. ಮಾತು ತೊದಲುವುದು, ನಡಿಗೆ ತಪ್ಪುವುದು, ಮಂಕಾಗುವುದು ಗಂಭೀರ. ಮೈ ಇನ್ನೂ ತಣ್ಣಗಿರುವಾಗಲೇ ನಡುಕ ನಿಂತು ಮಗು ತೂಕಡಿಸಿದರೆ, ಅಬ್ಬಾ ಸುಧಾರಿಸಿತು ಎಂದುಕೊಳ್ಳಬೇಡಿ. ಒಳಮೈಯ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದಿರಬಹುದು. ಒಣಬಟ್ಟೆ ಸುತ್ತಿ, ಮಲಗಿಸಿ, ಆಸ್ಪತ್ರೆಗೆ ಒಯ್ಯಿರಿ. ಬೆಂಗಳೂರಿನ ಕೊಳಗಳಲ್ಲಿ ಇದು ಅಪರೂಪ, ಆದರೆ ಗಾಳಿಮಳೆಯ ಸಂಜೆಗಳಲ್ಲಿ ಎಚ್ಚರ ಬೇಕು.

ನಾನೇ ಎಡವಿದ ಒಂದು ಪ್ರಕರಣವನ್ನೂ ಹೇಳಬೇಕು. ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಈಜಿ ಬಂದ ಮೇಲೆ ತೋಳು, ತೊಡೆಗಳಲ್ಲಿ ಕೆಂಪು ದದ್ದು, ತುರಿಕೆ. ಕ್ಲೋರಿನ್ ಅಲರ್ಜಿ ಎಂದು ಅಂದಾಜಿಸಿ, ಮೈ ಚೆನ್ನಾಗಿ ತೊಳೆಯಲು ಹೇಳಿ, ಲೇಪ ಬರೆದುಕೊಟ್ಟೆ. ವಾರ ಬಿಟ್ಟು ಆಕೆಯ ತಾಯಿ ಮತ್ತೆ ಬಂದರು. ಈ ಬಾರಿ ಐಸ್‌ಕ್ಯಾಂಡಿ ತಿಂದು ತುಟಿ ಊದಿತ್ತು. ಆಗ ಹೊಳೆಯಿತು. ಚಳಿಯಿಂದಲೇ ಏಳುವ ದದ್ದು ಅದು. ತಣಿದ ಚರ್ಮ ಮತ್ತೆ ಬೆಚ್ಚಗಾಗುವಾಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇಂಥವರು ಇಡೀ ಮೈ ತಣ್ಣೀರಿಗೆ ಒಡ್ಡಿದರೆ ರಕ್ತದೊತ್ತಡ ಕುಸಿದು ನೀರಿನಲ್ಲೇ ಪ್ರಜ್ಞೆ ತಪ್ಪಬಹುದು. ನಾನು ಕೊಟ್ಟ ಲೇಪದ ಭರವಸೆಯಲ್ಲಿ ಆಕೆ ಇನ್ನೂ ನಾಲ್ಕು ದಿನ ಕೊಳಕ್ಕೆ ಇಳಿದಿದ್ದಳು. ಆ ಯೋಚನೆ ಬಂದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಅವತ್ತೇ ಅಲರ್ಜಿ ತಜ್ಞರ ಬಳಿ ಕಳಿಸಿದೆ. ಚರ್ಮದ ಮೇಲೆ ಮಂಜುಗಡ್ಡೆ ಇಟ್ಟು ನೋಡುವ ಸರಳ ಪರೀಕ್ಷೆಯಲ್ಲಿ ಖಚಿತವಾಯಿತು. ಈ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಬೇಡಿ. ಈಜಿದ ಮೇಲೆ ದದ್ದು, ತುಟಿ ಊತ, ತಲೆಸುತ್ತು ಕಂಡರೆ ವೈದ್ಯರು ನೋಡುವವರೆಗೆ ನೀರಿಗೆ ಇಳಿಸಬೇಡಿ. ಆಸ್ತಮಾ ಇರುವ ಮಕ್ಕಳಿಗೂ ತಣ್ಣೀರಿನ ಆಘಾತದಿಂದ ಉಬ್ಬಸ ಕೆರಳಬಹುದು. ಅವರ ಇನ್ಹೇಲರ್ ಚೀಲದಲ್ಲಲ್ಲ, ಕೋಚ್ ಅವರ ಕೈಗೆ ಸಿಗುವಲ್ಲಿ ಇರಲಿ.

ಇನ್ನು ಆ ಎಂಟು ವರ್ಷದ ಹುಡುಗ. ಅವನನ್ನು ಒಂಬತ್ತರ ಬ್ಯಾಚಿಗೆ ಬದಲಿಸಿದರು. ಮೊದಲ ದಿನ ಅಂಚಿನಲ್ಲಿ ಕೂತು ಕಾಲು ಆಡಿಸಿ ಬಂದನಂತೆ, ಅಷ್ಟೇ. ಎರಡನೇ ದಿನ ಐದು ನಿಮಿಷ. ಕೋಚ್ ಅವರಿಗೆ ಸ್ವಲ್ಪ ಬೇಸರವಾಯಿತು, ಆದರೂ ಬಿಟ್ಟರು. ಎರಡು ವಾರದ ಮೇಲೆ ಅವನು ಬಂದದ್ದು ಕಿವಿನೋವಿಗೆ. ಈಜಿದ ಮೇಲೆ ಕಿವಿ ಒರೆಸದೆ ಬಿಟ್ಟಿದ್ದ, ಮನೆಯಲ್ಲಿ ಎಣ್ಣೆ ಬೇರೆ ಬಿಟ್ಟಿದ್ದರು. ಕಿವಿಗೆ ಎಣ್ಣೆ ಬೇಡ, ತಲೆ ಪಕ್ಕಕ್ಕೆ ವಾಲಿಸಿ ನೀರು ಇಳಿಸಿ ಹೊರಗಿನಿಂದ ಒರೆಸಿದರೆ ಸಾಕು ಎಂದೆ. "ಎಷ್ಟು ದಿನ ಈಜಬಾರದು?" ಎಂದು ಕೇಳಿದ. ಒಂದು ವಾರ ಎಂದಾಗ ಅಳು ಬಂತು ಅವನಿಗೆ.