ಉಗ್ರಾಣದ ಕಾಳುಗಳಿಗೆ ಕುಟ್ಟೆಹುಳುವಿನ ಬಾಧೆಯೂ ಅದರ ನಿವಾರಣೆಯೂ

ಚಿಂತಾಮಣಿ ತಾಲ್ಲೂಕು ಅಂಬಾಜಿದುರ್ಗ ಹೋಬಳಿಯ ಸೀಮೆಯಲ್ಲಿ ಹಿಂದಿನವರು ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ರಾಗಿಯ ಕಾಳು ಅತಿ ಸಣ್ಣದಾದುದರಿಂದ ಅದರೊಳಗೆ ಹುಳುವು ಬೆಳೆಯುವುದು ಕಷ್ಟ. ಆದರೆ ಅದೇ ಮನೆಯ ಉಗ್ರಾಣದಲ್ಲಿಟ್ಟ ಅವರೆ, ಹುರುಳಿ, ತೊಗರಿಗಳು ಕೆಲವು ತಿಂಗಳುಗಳಲ್ಲಿಯೇ ತೂತುಬಿದ್ದು, ಊಟಕ್ಕೂ ಬಿತ್ತನೆಗೂ ಒದಗದಂತಾಗುವುವು.

ಈ ಹುಳುವು ಉಗ್ರಾಣದಲ್ಲಿ ತಾನಾಗಿ ಹುಟ್ಟುವುದಿಲ್ಲ. ಹೊಲದಲ್ಲಿ ಕಾಯಿ ಬಲಿಯುವಾಗಲೇ ಹೆಣ್ಣುಹುಳುವು ಅದರ ಮೇಲೆ ಮೊಟ್ಟೆಯಿಡುವುದುಂಟು; ಕಾಳಿನೊಡನೆ ಮರಿಯೂ ಮನೆಗೆ ಬರುವುದು. ಉಗ್ರಾಣದಲ್ಲಿ ಮೊಟ್ಟೆಗಳು ಕಾಳಿನ ಮೇಲೆ ಬಿಳಿಯ ಚುಕ್ಕೆಗಳಂತೆ ಅಂಟಿರುತ್ತವೆ. ಮರಿಯು ಕಾಳನ್ನು ಕೊರೆದು ಒಳಹೊಕ್ಕು, ತಿರುಳನ್ನು ತಿಂದು, ಸುಮಾರು ಒಂದು ತಿಂಗಳಲ್ಲಿ ರೆಕ್ಕೆಯ ಹುಳುವಾಗಿ ಹೊರಬರುತ್ತದೆ. ಹೀಗೆ ಬಂದ ಹುಳುವು ಕಾಳನ್ನು ತಿನ್ನದೆ, ಮೊಟ್ಟೆಯಿಟ್ಟು ಕೆಲವು ದಿನಗಳಲ್ಲಿ ಸಾಯುವುದು. ಆದಕಾರಣ ಕಣ್ಣಿಗೆ ಕಂಡ ಹುಳುಗಳನ್ನು ಕೇರಿ ಎಸೆದರೆ ಸಾಲದು; ಮೊಟ್ಟೆಗಳನ್ನೇ ನಾಶಪಡಿಸಬೇಕು.

ನಿವಾರಣೆಯ ಕ್ರಮ:

1. ಒಕ್ಕಣೆಯಾದೊಡನೆ ಕಾಳನ್ನು ಹಲ್ಲಿಗೆ ಕಟಕ್ಕೆಂದು ಒಡೆಯುವವರೆಗೂ ಬಿಸಿಲಿನಲ್ಲಿ ಒಣಗಿಸಿ, ಬಿಸಿ ಆರಿದ ಮೇಲೆ ತುಂಬಬೇಕು.

2. ಗುಡಾಣಗಳನ್ನೂ ಗೋಡೆಯ ಬಿರುಕುಗಳನ್ನೂ ಮೊದಲೇ ಶುದ್ಧಿಮಾಡತಕ್ಕದ್ದು. ಹಳೆಯ ಕಾಳಿನೊಡನೆ ಹೊಸದನ್ನು ಬೆರೆಸಕೂಡದು.

3. ಕಿಲೋಗ್ರಾಂ ಒಂದಕ್ಕೆ 5 ಮಿಲಿಲೀಟರಿನಂತೆ, ಅಂದರೆ ಒಂದು ಚಿಕ್ಕ ಚಮಚದಷ್ಟು, ಹರಳೆಣ್ಣೆಯನ್ನು ಹಾಕಿ, ಪ್ರತಿಯೊಂದು ಕಾಳಿಗೂ ಸವರುವಂತೆ ಕೈಯಿಂದ ಉಜ್ಜಬೇಕು. ಎಣ್ಣೆಯ ಲೇಪದಿಂದ ಮೊಟ್ಟೆಗಳಿಗೆ ಗಾಳಿಯಿಲ್ಲದೆ ಅವು ಸಾಯುವುವು.

4. ಮನೆಬಳಕೆಯ ತೊಗರಿಯನ್ನು ಬೇಗನೆ ಬೇಳೆಮಾಡಿಡುವುದು ಲೇಸು. ಈ ಹುಳುವಿಗೆ ಇಡೀ ಕಾಳೇ ಹೆಚ್ಚು ಅನುಕೂಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಕೆ. ಕುಂಞಿಕಣ್ಣನ್ ಅವರು, ಕಾಳಿನಲ್ಲಿ ಪಾದರಸವನ್ನಿಡುವ ಹಳೆಯ ರೂಢಿಯನ್ನು ಪರೀಕ್ಷಿಸಿ, ಅದರ ಆವಿಯಿಂದ ಮೊಟ್ಟೆಗಳು ಕೆಡುವುವೆಂದು 1920ರ ಸುಮಾರಿನಲ್ಲಿ ತಿಳಿಸಿದರು. ಆದರೆ ಆ ಆವಿಯು ಮನುಷ್ಯರ ಮೆದುಳಿಗೂ ಮೂತ್ರಪಿಂಡಗಳಿಗೂ ಹಾನಿಕರವೆಂಬುದು ಈಗ ಸ್ಪಷ್ಟವಾಗಿರುವುದರಿಂದ ಆ ರೂಢಿಯನ್ನು ಬಿಡಲೇಬೇಕು. ಗೋದಾಮುಗಳಲ್ಲಿ ಹೊಗೆಯಾಡಿಸಲು ಉಪಯೋಗಿಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ವಾಸದ ಮನೆಯಲ್ಲಿ ಇಡಲೇಕೂಡದು; ಅವುಗಳಿಂದ ಹೊರಡುವ ವಿಷವಾಯುವು ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲದು. ಕಾಳನ್ನುಳಿಸಲು ಹೋಗಿ ಮಕ್ಕಳನ್ನು ಕಳೆದುಕೊಳ್ಳುವಂತಾಗಬಾರದು.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮೊದಲು ತಮ್ಮ ಮನೆಯ ಬಿತ್ತನೆಕಾಳಿಗೆ ಎಣ್ಣೆ ಸವರಿಸಿ, ನೆರೆಯವರನ್ನು ಕರೆದು ತೋರಿಸುವುದು ಉತ್ತಮ. ಒಕ್ಕಣೆಯ ಕಾಲದ ಅರ್ಧ ದಿವಸದ ಈ ಕೆಲಸದಿಂದ ಮುಂದಿನ ಮುಂಗಾರಿನ ಬೀಜವು ಉಳಿಯುವುದು.