ಮಾಂಸದ ಕೋಳಿಗಳ ಹಠಾತ್ ಸಾವು: ಮೊದಲು ಸತ್ತ ಹೊತ್ತನ್ನು ಗಮನಿಸಿ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳಲ್ಲಿ ಅಡಿಕೆ, ರಬ್ಬರ್ ತೋಟಗಳ ಜೊತೆಗೆ ಮಾಂಸದ ಕೋಳಿ ಸಾಕಣೆಯೂ ಒಂದು ಉಪಕಸುಬು. ಬ್ರಾಯ್ಲರ್ ಮರಿಯು ಸುಮಾರು 40 ದಿನಗಳಲ್ಲಿ 2 ಕಿಲೋ ತೂಗುತ್ತದೆ. ಅಷ್ಟರೊಳಗೆ ಅದು 3 ಕಿಲೋಗೂ ಮಿಕ್ಕಿ ಆಹಾರ ತಿಂದಿರುತ್ತದೆ. ಮೊದಲ ವಾರದಲ್ಲಿ 50 ಮರಿಗಳು ಸತ್ತರೆ ನಷ್ಟವಾಗುವುದು ಬಹುಪಾಲು ಮರಿಗಳ ಬೆಲೆ ಮಾತ್ರ. ಮಾರಾಟದ ಹಿಂದಿನ ದಿನ 50 ಕೋಳಿಗಳು ಸತ್ತರೆ ಒಂದೂವರೆ ಕ್ವಿಂಟಾಲಿಗೂ ಹೆಚ್ಚಿನ ಆಹಾರ ಮಣ್ಣು ಪಾಲಾದಂತೆ.

ಕೋಳಿಗಳು ಇದ್ದಕ್ಕಿದ್ದಂತೆ ಸತ್ತಾಗ ಅನೇಕರು ರೋಗವೆಂದೇ ಬಗೆದು ಔಷಧಿ ತರಲು ಹೊರಡುತ್ತಾರೆ. ಅದಕ್ಕೆ ಮೊದಲು ಮೂರು ಸಂಗತಿಗಳನ್ನು ನೋಡಬೇಕು. ಯಾವ ಹೊತ್ತಿಗೆ ಸತ್ತವು? ಎಷ್ಟು ದಿನದ, ಎಂಥ ಕೋಳಿಗಳು ಸತ್ತವು? ಶೆಡ್ಡಿನ ಯಾವ ಭಾಗದಲ್ಲಿ ಬಿದ್ದಿದ್ದವು? ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ.

ಮಧ್ಯಾಹ್ನದ ಸಾವು

ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನ 1ರಿಂದ 5 ಗಂಟೆಯೊಳಗೆ, ಐದನೇ ವಾರದ ದಪ್ಪ ಕೋಳಿಗಳೇ ಮೊದಲು ಸತ್ತರೆ ಅದು ಸೆಕೆಯ ಹೊಡೆತ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಉಸಿರಿನ ತೇವ ಆರುವುದರಿಂದಲೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಬಯಲುಸೀಮೆಯ ಒಣ ಗಾಳಿಯಲ್ಲಿ ಇದು ಸುಲಭ. ಇಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಅಷ್ಟೇ ಬಿಸಿಲಿಗೆ ಕೋಳಿ ಹೆಚ್ಚು ಬಳಲುತ್ತದೆ.

ಆದುದರಿಂದ ಗಾಳಿಯಾಡದ ಶೆಡ್ಡಿನ ಒಳಗೆ ನೀರು ಸಿಂಪಡಿಸುವುದು ತಪ್ಪು. ತೇವ ಇನ್ನಷ್ಟು ಏರಿ ಸಾವು ಹೆಚ್ಚಬಹುದು. ಮಾಡಿನ ಮೇಲೆ ತೆಂಗಿನ ಅಥವಾ ಅಡಿಕೆಯ ಸೋಗೆ ಹಾಸಿ, ಅದಕ್ಕೆ ನೀರು ಹಾಯಿಸಿ. ಒಳಗೆ ಫ್ಯಾನಿನಿಂದ ಗಾಳಿ ಆಡಿಸಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಆಹಾರವನ್ನು ಎತ್ತಿಡಿ. ತಂಪು ಹೊತ್ತಿನಲ್ಲಿ ಕೊಡಿ. ಕುಡಿಯುವ ನೀರು ಮಾತ್ರ ಸದಾ ಇರಬೇಕು. ನೀರಿನ ಟ್ಯಾಂಕು ಬಿಸಿಲಿನಲ್ಲಿದ್ದರೆ ಅದಕ್ಕೆ ಒದ್ದೆ ಗೋಣಿ ಹೊದೆಸಿ. ಸಾಮಾನ್ಯವಾಗಿ ಕೋಳಿಯೊಂದಕ್ಕೆ 1 ಚದರ ಅಡಿ ಜಾಗ ಸಾಕು. ಬೇಸಿಗೆಯ ತಂಡಕ್ಕೆ 1000 ಕೋಳಿಗಳ ಶೆಡ್ಡಿನಲ್ಲಿ 800 ಮರಿ ಬಿಡುವುದು ಲೇಸು.

ರಾತ್ರಿಯ ಸಾವು

ಮುಂಜಾನೆ ಶೆಡ್ಡಿನ ಮೂಲೆಯಲ್ಲಿ ಎಳೆಯ ಮರಿಗಳು ಚಪ್ಪಟೆಯಾಗಿ ರಾಶಿ ಬಿದ್ದಿದ್ದರೆ ಅವು ಒಂದರ ಮೇಲೊಂದು ಏರಿ ಉಸಿರುಕಟ್ಟಿ ಸತ್ತಿವೆ ಎಂದು ತಿಳಿಯಬೇಕು. ಗುಡುಗು ಮಳೆಗೆ ಕರೆಂಟು ಹೋಗಿ ಕಾವು, ಬೆಳಕು ಎರಡೂ ನಿಂತಾಗ ಹೀಗಾಗುತ್ತದೆ. ಮೂಲೆಗಳನ್ನು ತಗಡಿನಿಂದ ದುಂಡಾಗಿ ಮರೆಮಾಡಿ. ಮೊದಲ ವಾರ 33ರಿಂದ 35 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟು, ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿ. ಇದ್ದಲಿನ ಒಲೆ ಇಟ್ಟಾಗ ಪರದೆಯ ಮೇಲ್ಭಾಗ ತೆರೆದೇ ಇರಲಿ. ಪೂರ್ತಿ ಮುಚ್ಚಿದರೆ ಇದ್ದಲಿನ ವಿಷಾನಿಲದಿಂದಲೇ ಮರಿಗಳು ಸಾಯುತ್ತವೆ.

ಮಳೆಗಾಲದ ಸಾವು

ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಶತ್ರು ನೆಲದಲ್ಲಿರುತ್ತದೆ. ಹಾಸು ಒದ್ದೆಯಾದರೆ ರಕ್ತಭೇದಿ ಕಾಣಿಸಿಕೊಳ್ಳುತ್ತದೆ, ಅಮೋನಿಯದ ಘಾಟು ಏಳುತ್ತದೆ. ಒಂದು ಮುಷ್ಟಿ ಹಾಸನ್ನು ಹಿಂಡಿ ನೋಡಿ. ಉಂಡೆ ಕಟ್ಟಿ ಹಾಗೆಯೇ ನಿಂತರೆ ತೇವ ಹೆಚ್ಚಾಗಿದೆ. ಅಂಥ ಭಾಗವನ್ನು ತೆಗೆದು ಒಣ ಉಮಿ ಅಥವಾ ಮರದ ಹುಡಿ ಹಾಕಿ, ದಿನವೂ ಮಗುಚಿ. ಮಾಡಿನ ಅಂಚು 3ರಿಂದ 4 ಅಡಿ ಹೊರಚಾಚಿರಲಿ. ಆಹಾರದ ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೂಸ್ಟು ಹಿಡಿದ ಆಹಾರ ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಅದನ್ನು ಬೆರೆಸಿಯೂ ಕೊಡಬಾರದು.

ಅಲ್ಲೊಂದು ಇಲ್ಲೊಂದು ಸತ್ತರೆ

ಚೆನ್ನಾಗಿ ಬೆಳೆದ ಕೋಳಿಯೊಂದು ತಟ್ಟನೆ ರೆಕ್ಕೆ ಬಡಿದು, ಅಂಗಾತ ಬಿದ್ದು ಸಾಯುವುದುಂಟು. ಹೆಚ್ಚಾಗಿ ಇವು ಹುಂಜಗಳು. ಅತಿವೇಗದ ಬೆಳವಣಿಗೆಯನ್ನು ಹೃದಯ ತಾಳದೆ ಹೀಗಾಗುತ್ತದೆ. ಇದಕ್ಕೆ ಔಷಧಿಯಿಲ್ಲ. ಮೊದಲ ವಾರ ಕಳೆದ ಮೇಲೆ ರಾತ್ರಿ 4ರಿಂದ 6 ಗಂಟೆ ದೀಪ ಆರಿಸಿದರೆ ಬೆಳವಣಿಗೆ ಸ್ವಲ್ಪ ಹದಕ್ಕೆ ಬಂದು ಸಾವು ತಗ್ಗುತ್ತದೆ.

ರೋಗದ ಸಾವು

ಹೊತ್ತು, ಜಾಗ, ಗಾತ್ರ ಯಾವುದನ್ನೂ ನೋಡದೆ ಸಾವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದು ರೋಗವೇ. ತಡಮಾಡದೆ ಪಶುವೈದ್ಯರಿಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ. 5ರಿಂದ 7ನೇ ದಿನ ಕೊಕ್ಕರೆ ರೋಗದ ಲಸಿಕೆ, 14ನೇ ದಿನದ ಸುಮಾರಿಗೆ ಗಂಬೋರೊ ಲಸಿಕೆ ತಪ್ಪಬಾರದು. ಲಸಿಕೆ ಬೆರೆಸುವ ನೀರಿನಲ್ಲಿ ಬ್ಲೀಚಿಂಗ್ ಪುಡಿ ಇರಕೂಡದು. ಸತ್ತ ಕೋಳಿಗಳನ್ನು ತೋಡಿಗೆ ಎಸೆಯಬೇಡಿ. ಆ ನೀರು ಕುಮಾರಧಾರೆಗೆ ಸೇರುವ ಮೊದಲು ಎಷ್ಟೋ ಮನೆಗಳ ಅಂಗಳ ದಾಟುತ್ತದೆ. ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ.

ಶೆಡ್ಡಿನ ಬಾಗಿಲಲ್ಲಿ ಒಂದು ನೋಟ್ ಪುಸ್ತಕ ತೂಗುಹಾಕಿ. ಪ್ರತಿದಿನ ಸತ್ತ ಕೋಳಿಗಳ ಸಂಖ್ಯೆ, ಹೊತ್ತು, ಜಾಗ ಬರೆದಿಡಿ. ವೈದ್ಯರು ಬಂದಾಗ ಮೊದಲು ಈ ಪುಸ್ತಕವನ್ನು ಅವರ ಕೈಗೆ ಕೊಡಿ. ಮುಂದಿನ ತಂಡದ ಮರಿ ತರುವ ಮುನ್ನ ನೀವೂ ಒಮ್ಮೆ ಓದಿಕೊಳ್ಳಿ.