ಹಳೆಯ ಅಡಿಗಲ್ಲು ಕೊಳ್ಳುವ ಮುನ್ನ

ಬಿಳಗಿ ಸೀಮೆಯ ತೋಟ-ಗದ್ದೆಗಳಿಗೆ ಬೇಕಾದ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಗುದ್ದಲಿ, ಹಾರೆ ಎಲ್ಲವೂ ಕಮ್ಮಾರನ ಅಡಿಗಲ್ಲಿನ ಮೇಲೆಯೇ ಆಕಾರ ಪಡೆಯುವುದು. ಕುಲುಮೆ ಕೆಲಸ ಕಲಿಯಹೊರಟವರಿಗೆ ಅಗ್ಗದ ಹೊಸದಕ್ಕಿಂತ ಒಳ್ಳೆಯ ಹಳೆಯದೇ ಮೇಲು. ಮುಚ್ಚಿದ ಕಮ್ಮಾರಸಾಲೆಯಲ್ಲೋ ಶಿರಸಿ, ಸಿದ್ದಾಪುರದ ಗುಜರಿಯಲ್ಲೋ ಒಂದು ಕಣ್ಣಿಗೆ ಬಿದ್ದರೆ ಸಣ್ಣ ಸುತ್ತಿಗೆ, ಅರ, ಒಂದಡಿ ಉಕ್ಕಿನ ಸ್ಕೇಲು ಮತ್ತು ಗ್ಯಾರೇಜಿನಲ್ಲಿ ಕೇಳಿ ತಂದ ಗೋಲಿ ಗಾತ್ರದ ಬೇರಿಂಗ್ ಗುಂಡು ಹಿಡಿದು ಹೋಗಿ.

ಹಂತ 1: ತೂಕ
ಒಂದು ಕಿಲೋ ಸುತ್ತಿಗೆಯಲ್ಲಿ ಕಲಿಯುವವರಿಗೆ 40–50 ಕಿಲೋ ಸಾಕು. ಹಳೆಯ ಇಂಗ್ಲಿಷ್ ಅಡಿಗಲ್ಲಿನ ಮಗ್ಗುಲಲ್ಲಿ ಮೂರು ಅಂಕಿ ಕೆತ್ತಿರುತ್ತಾರೆ. ಮೊದಲನೆಯದು 112 ಪೌಂಡಿನ ಲೆಕ್ಕ, ಎರಡನೆಯದು 28ರದ್ದು, ಕೊನೆಯದು ಬಿಡಿ ಪೌಂಡು. 1-1-4 ಎಂದಿದ್ದರೆ 144 ಪೌಂಡು, ಅಂದರೆ ಸುಮಾರು 65 ಕಿಲೋ. ಅದನ್ನೇ 114 ಕಿಲೋ ಎಂದು ಹೇಳಿದರೆ ಒಪ್ಪಬೇಡಿ, ತೂಗಿಸಿ.

ಹಂತ 2: ಸದ್ದು
ಮಣ್ಣಲ್ಲಿ ಹೂತಿದ್ದರೆ ಎತ್ತಿಸಿ, ಮರದ ದಿಮ್ಮಿಯ ಮೇಲಿಟ್ಟು ಮೆಲ್ಲಗೆ ತಟ್ಟಿ. ಉಕ್ಕಿನದು ಗಂಟೆಯಂತೆ ನಾದ ಕೊಡುತ್ತದೆ, ಬೀಡುಕಬ್ಬಿಣದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದು ಕಡೆ ಮಾತ್ರ ಒಡಕು ದನಿ ಬಂದರೆ ಒಳಗೆ ಬಿರುಕಿದೆಯೆಂಬ ಗುಮಾನಿ ಇರಲಿ. ಆದರೆ ಬೀಡಿನ ಒಡಲಿಗೆ ಉಕ್ಕಿನ ಮುಖ ಕೂರಿಸಿದ ಒಳ್ಳೆಯ ಅಡಿಗಲ್ಲುಗಳೂ ಇವೆ. ಅವು ನಾದ ಕೊಡುವುದಿಲ್ಲ. ಹಾಗಾಗಿ ಕಿವಿಯೊಂದನ್ನೇ ನಂಬಿ ತೀರ್ಮಾನಿಸಬೇಡಿ.

ಹಂತ 3: ಗುಂಡಿನ ಪರೀಕ್ಷೆ
ನಿಜವಾದ ಪರೀಕ್ಷೆ ಇದು. ಮುಖದ ತುಕ್ಕು ಉಜ್ಜಿ ತೆಗೆಯಿರಿ. ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಹತ್ತು ಇಂಚು ಮೇಲಿಂದ ಗುಂಡು ಬಿಡಿ. ಏಳು ಇಂಚಿನವರೆಗೆ ಪುಟಿದರೆ ಚೆನ್ನಾಗಿದೆ, ಎಂಟು ದಾಟಿದರೆ ಬಹಳ ಒಳ್ಳೆಯದು. ಐದಕ್ಕಿಂತ ಕೆಳಗೇ ನಿಂತರೆ ಮುಖ ಮೆದು. ನೀವು ಹಾಕುವ ಪೆಟ್ಟಿನ ಬಲವನ್ನು ಅದೇ ನುಂಗುತ್ತದೆ, ನಿಮ್ಮ ತೋಳು ಸೋಲುತ್ತದೆ. ನಡುವೆ, ಅಂಚಿಗೆ, ಕೊಂಬಿನ ಬುಡಕ್ಕೆ, ಹೀಗೆ ಏಳೆಂಟು ಕಡೆ ಬಿಟ್ಟು ನೋಡಿ. ಒಂದೇ ಜಾಗದಲ್ಲಿ ಪುಟಿತ ಸತ್ತಿದ್ದರೆ ಅಲ್ಲಿ ಮೇಲಿನ ಉಕ್ಕಿನ ಹಲಗೆ ಬಿಟ್ಟುಕೊಂಡಿರಬಹುದು, ಇಲ್ಲವೇ ವೆಲ್ಡಿಂಗ್ ತೇಪೆ ಇರಬಹುದು. ಇಡೀ ಮುಖವೇ ಸತ್ತಿದ್ದರೆ ಎಂದೋ ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡಿರಬಹುದು. ಅನುಮಾನ ಉಳಿದರೆ ಅರ ಎಳೆಯಿರಿ: ಹದವಿದ್ದ ಮುಖದ ಮೇಲೆ ಅರ ಜಾರುತ್ತದೆ, ಮೆದುವಾದರೆ ಕಚ್ಚುತ್ತದೆ.

ಹಂತ 4: ಮುಖ ಮತ್ತು ಅಂಚು
ಸ್ಕೇಲನ್ನು ಅಡ್ಡ ನಿಲ್ಲಿಸಿ ಕೆಳಗೆ ಬೆಳಕು ನುಸುಳುವುದನ್ನು ನೋಡಿ. ಒಂದೆರಡು ಮಿಲಿಮೀಟರ್ ತಗ್ಗು ದೋಷವಲ್ಲ. ಅಂಚು ಅಲ್ಲಲ್ಲಿ ಚಕ್ಕೆ ಎದ್ದಿದ್ದರೂ ನಾಲ್ಕೈದು ಇಂಚು ನೇರವಾಗಿ ಉಳಿದಿದ್ದರೆ ಸಾಕು. ನಮ್ಮ ಮಳೆಗೆ ಮೇಲ್ತುಕ್ಕು ಬಾರದೆ ಇರದು, ಅದಕ್ಕೆ ಹೆದರಬೇಡಿ. ಆಳವಾದ ಗುಳಿಗಳು ಮಾತ್ರ ಕಾದ ಕಬ್ಬಿಣದ ಮೇಲೆ ಅಚ್ಚೊತ್ತುತ್ತವೆ. ಹೊಸ ಬಣ್ಣ ಬಳಿದದ್ದು, ಗ್ರೈಂಡರ್ ಹಿಡಿದು ಫಳಫಳ ಹೊಳೆಸಿದ್ದು ಕಂಡರೆ ಹುಷಾರು. ಹಲವು ಹಳೆಯವುಗಳಲ್ಲಿ ಗಟ್ಟಿ ಉಕ್ಕಿನ ಪದರ ಅರ್ಧ ಇಂಚಷ್ಟೇ ಇರುತ್ತದೆ. ಅದನ್ನು ಅರೆದು ತೆಗೆದ ಮೇಲೆ ಉಳಿಯುವುದು ಮೆದು ಕಬ್ಬಿಣ.

ಅಡಿಗಲ್ಲು ಸಿಗದಿದ್ದರೆ ರೈಲು ಹಳಿಯ ತುಂಡೂ ನಡೆಯುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯ ಅರ್ಧ ಮೀಟರ್ ತುಂಡನ್ನು ನೆಟ್ಟಗೆ ನಿಲ್ಲಿಸಿದರೆ 30 ಕಿಲೋ ಲೋಹ ಪೆಟ್ಟಿನ ಕೆಳಗೇ ಇರುತ್ತದೆ. ಆದರೆ ರಸೀದಿ ಇಲ್ಲದೆ ಮುಟ್ಟಬೇಡಿ: ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಡಿ ಅಪರಾಧ.

ಪರೀಕ್ಷಿಸುವಾಗ ಕಣ್ಣಿಗೆ ಕನ್ನಡಕವಿರಲಿ. ಊರಿನ ಹಿರಿಯ ಆಚಾರಿಯೊಬ್ಬರನ್ನು ಕೇಳಿಕೊಂಡು ಜೊತೆಗೆ ಕರೆದೊಯ್ಯಿರಿ. ಗುಂಡು ಬಿಡಲು ಒಪ್ಪದವರ ಮಾಲನ್ನು ಅಲ್ಲೇ ಬಿಟ್ಟು ಬನ್ನಿ. ಚೆನ್ನಾಗಿ ಪುಟಿದದ್ದನ್ನು ಮಾತ್ರ ಗುಜರಿಯವರು ಕರಗಿಸಲು ಕಳಿಸುವ ಮೊದಲೇ ಮನೆಗೆ ತನ್ನಿ.